ಒಂದು ಸಿರಿಂಜಿನ ಬಾಣಂತನ

ದಾನ ಕೊಟ್ಟವರ ಬಾಯಿಗೆ ಬೀಗ ಹಾಕುವ ಕಾನೂನೊಂದು ಈ ದೇಶದಲ್ಲಿ ಬರಬೇಕು. ಮದುವೆಗೆ ಸ್ಟೀಲ್ ಡಬರಿ ಕೊಟ್ಟವರು ಅದರ ಮೇಲೆ ಹೆಸರು ಕೊರೆಸಿದ್ದು ಸಾಲದೆ, ಮನೆಗೆ ಬಂದಾಗಲೆಲ್ಲ “ನಮ್ಮ ಡಬರಿ ಎಲ್ಲೈತಿ?” ಎಂದು ಅಡುಗೆಮನೆಗೇ ನುಗ್ಗುತ್ತಾರೆ. ಅವರನ್ನಾದರೂ ಸಹಿಸಬಹುದು. ರಕ್ತ ಕೊಟ್ಟ ಗಂಡನನ್ನು ಸಹಿಸುವುದು ಮಾತ್ರ ನನ್ನಿಂದಾಗದು. ಸಿಟ್ಟು ಬಂದಿದೆ, ಬಂದದ್ದು ಹೋಗುತ್ತಲೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಜಮಖಂಡಿಯ ಕಾಲೇಜೊಂದರಲ್ಲಿ ಜೀವರಸಾಯನ ಕಲಿಸುವವಳು, ಮನೆ ಬನಹಟ್ಟಿಯಲ್ಲಿ. ಪಾಠ ಮುಗಿದ ಮೇಲೆ ಪಿಎಚ್.ಡಿ. ಕೆಲಸ. ಕೆಂಪು ರಕ್ತಕಣವನ್ನು ತೆಳು ಉಪ್ಪುನೀರಿಗೆ ಹಾಕಿದರೆ ಅದು ನೀರು ಕುಡಿದು ಉಬ್ಬಿ, ಒಡೆದು, ಒಳಗಿನ ಕೆಂಪನ್ನೆಲ್ಲ ಹೊರಗೆ ಚೆಲ್ಲುತ್ತದೆ. ಉಳಿಯುವುದು ಬಿಳಿ ಪೊರೆ. ಆ ಖಾಲಿ ಪೊರೆಯೊಳಗೆ ಯಾವುದು ನುಸುಳುತ್ತದೆ, ಯಾವುದು ಸೋರುತ್ತದೆ ಎಂದು ನೋಡುವುದೇ ನನ್ನ ಸಂಶೋಧನೆ. ಇಂಗ್ಲಿಷಿನಲ್ಲಿ ಈ ಪೊರೆಗೆ ದೆವ್ವ ಎಂದೇ ಹೆಸರು. ಅದನ್ನು ಅತ್ತೆಯವರಿಗೆ ಇನ್ನೂ ಹೇಳಿಲ್ಲ. ಗೈಡ್ ಮೇಡಂ ಒಂದು ಷರತ್ತು ಹಾಕಿದ್ದರು: ಒಬ್ಬರ ರಕ್ತದಿಂದ ಶುರು ಮಾಡಿದರೆ ಕೊನೆಯವರೆಗೂ ಅವರದೇ ಬೇಕು, ಗಟ್ಟಿಮುಟ್ಟಾದ ಗಂಡಸೊಬ್ಬನನ್ನು ಹುಡುಕು. ನನಗೆ ಪರಿಚಯವಿದ್ದ ಗಟ್ಟಿಮುಟ್ಟಾದ ಗಂಡಸು ಒಬ್ಬನೇ. ಸಿಮೆಂಟ್ ಅಂಗಡಿ ಇಟ್ಟುಕೊಂಡು, ಹಮಾಲ ಬರದ ದಿನ ತಾನೇ ಚೀಲ ಹೊರುವ ನನ್ನ ಗಂಡ.

ಪ್ರತಿ ಪ್ರಯೋಗಕ್ಕೆ ಕೊಡಬೇಕಾದದ್ದು ಒಂದು ಸಣ್ಣ ಸಿರಿಂಜಿನಷ್ಟು. ಸೊಳ್ಳೆಗಳೆಲ್ಲ ಸೇರಿ ಒಂದು ಮಳೆಗಾಲದಲ್ಲಿ ಅದಕ್ಕಿಂತ ಹೆಚ್ಚು ಕುಡಿಯುತ್ತವೆ, ಅವುಗಳ ಮುಂದೆ ಈ ಮನುಷ್ಯ ಎಂದೂ ನರಳಿಲ್ಲ. ನನಗೆ ಕೊಟ್ಟ ದಿನ ಮಾತ್ರ ಕಿವಿಗೆ ಅರಿವೆ ಕಟ್ಟಿಕೊಂಡು ಮಂಚ ಏರುತ್ತಾರೆ. ಮರುದಿನವೇ ರನ್ನ ಬೆಳಗಲಿಯಿಂದ ಅತ್ತೆಯವರು ಅಂಟಿನ ಉಂಡಿಯ ಡಬ್ಬಿ ಕಳಿಸುತ್ತಾರೆ. ಅಂಟು, ಕೊಬ್ಬರಿ, ಬೆಲ್ಲ, ತುಪ್ಪ ಹಾಕಿ ನಮ್ಮ ಕಡೆ ಬಾಣಂತಿಯರಿಗೆಂದು ಕಟ್ಟುವ ಉಂಡಿ! ನಾನು ಹಡೆದಾಗಲೂ ಅಷ್ಟು ದೊಡ್ಡ ಡಬ್ಬಿ ಬಂದಿರಲಿಲ್ಲ. ಅದನ್ನು ತಿನ್ನುತ್ತ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ನನ್ನ ಸಂಶೋಧನೆಯ ವಿವರಣೆ ಬೇರೆ: “ಶೇಂಗಾ ತಿಂದು ಸಿಪ್ಪಿ ಒಗಿಯೂದು ಲೋಕದ ರೂಢಿ. ನಮ್ಮಾಕಿ ಶೇಂಗಾ ಒಗದು ಸಿಪ್ಪಿ ಇಟಗೋತಾಳ ನೋಡ್ರಿ.” ಗಿರಾಕಿಗಳು ನಗುತ್ತಾರೆ. ನನಗೆ ಮೈ ಉರಿಯುತ್ತದೆ, ಏಕೆಂದರೆ ಮೂರು ವರ್ಷ ಒದ್ದಾಡಿ ಬರೆದ ನನ್ನ ಪ್ರಬಂಧದಲ್ಲೂ ವಿಷಯ ಇಷ್ಟು ಸ್ಪಷ್ಟವಾಗಿಲ್ಲ.

ಆ ರಕ್ತವನ್ನು ನಮ್ಮ ಓಣಿಯ ಲೇಡಿ ಡಾಕ್ಟರ್, ನಾವೆಲ್ಲ ಡಾಕ್ಟರ್ ಬಾಯಿ ಎನ್ನುವವರ ದವಾಖಾನೆಯಲ್ಲಿ ತೆಗೆಸಿ, ಬರ್ಫ್ ತುಂಬಿದ ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಜಮಖಂಡಿಗೆ ಒಯ್ಯಬೇಕು. ಒಮ್ಮೆ ಪಕ್ಕದಲ್ಲಿ ಕೂತ ಹೆಂಗಸು, “ಏನ್ರಿ ಅಕ್ಕಾರ, ಕುಲ್ಫಿ ಏನ್ರಿ?” ಎಂದಳು. ಅಂದೂ ಸಿಟ್ಟಿನಲ್ಲೇ ಇದ್ದೆ. “ಅಲ್ರಿ, ನನ್ನ ಗಂಡನ ರಕ್ತ” ಎಂದೆ. ಜಮಖಂಡಿಯವರೆಗೆ ಇಡೀ ಸೀಟು ನನ್ನೊಬ್ಬಳದಾಯಿತು.

ಇನ್ನು ಒಂದೇ ಒಂದು ಸಲ ಬೇಕಿತ್ತು. ತಿಂಗಳ ಕೊನೆಗೆ ಪ್ರಬಂಧ ಒಪ್ಪಿಸಬೇಕಿತ್ತು. ಈ ಕೊನೆಯ ಪ್ರಯೋಗವಾಗದಿದ್ದರೆ ಅಷ್ಟು ವರ್ಷದ ದುಡಿಮೆ ರದ್ದಿ. ಆಗಲೇ ನಮ್ಮವರು ಕೈ ಎತ್ತಿಬಿಟ್ಟರು. “ನನ್ನ ಕೈಲೆ ಆಗೂದಿಲ್ಲ. ಕಣ್ಣಿಗೆ ಕತ್ತಲಿ ಬರಾಕತ್ತೈತಿ” ಎಂದರು. ಊರಿಂದ ಬಂದಿದ್ದ ಅತ್ತೆಯವರು ದನಿಗೂಡಿಸಿದರು: “ಹೆಂಗ ಬಿಳಚಿಗೊಂಡಾನ ನೋಡ ನನ್ನ ಮಗಾ!”

“ಬಿಳಚಿಗೊಂಡಿಲ್ಲರಿ ಅತ್ತಿ, ಪೌಡರ್ ಬಡಕೊಂಡಾರ!” ಎಂದು ನಾನು ಕಿರುಚಿದೆ. “ನಡೀರಿ, ಡಾಕ್ಟರ ಕಡೆ ಹೋಗೂಣು. ಇವರಿಗೆ ರಕ್ತ ಕಡಿಮಿ ಐತಿ ಅಂದ್ರ ನಾ ಪುಸ್ತಕ ಒಲಿಗೆ ಹಾಕ್ತೇನಿ.” ಇಬ್ಬರನ್ನೂ ಎಳೆದುಕೊಂಡೇ ಹೋದೆ. ಡಾಕ್ಟರ್ ಬಾಯಿ ನಮ್ಮವರ ಬೆರಳು ಚುಚ್ಚುವಾಗ ಅತ್ತೆ ಸುಮ್ಮನಿರಲಿಲ್ಲ. “ಆಕೀದೂ ತಗೀರಿ ಬಾಯಾರ. ಸೂಜಿ ಹೆಂಗ ನಡತೈತಿ ಅನ್ನೂದು ಆಕಿಗೂ ತಿಳೀಲಿ” ಎಂದರು. ಎಷ್ಟಾದರೂ ತೆಗೆಯಿರಿ ಎಂದು ನಾನೂ ಜಂಬದಿಂದ ಬೆರಳು ಚಾಚಿದೆ.

ನಮ್ಮವರ ಹಿಮೋಗ್ಲೋಬಿನ್ ಹದಿನೈದು. ನನ್ನದು ಏಳೂವರೆ.

ಡಾಕ್ಟರ್ ಬಾಯಿ ನನ್ನ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು. “ಏನ್ರಿ ಮೇಡಂ, ದಿನಾ ರಕ್ತದಾಗ ಕೈ ಆಡಸ್ತೀರಿ. ಮೆಟ್ಟಲಾ ಹತ್ತುಮುಂದ ಉಸರ ಕಟ್ಟತಿರಲಿಲ್ಲೇನ್ರಿ?” ಕಟ್ಟುತ್ತಿತ್ತು. ಕಾಲೇಜಿನ ಮೆಟ್ಟಿಲು ಕಟ್ಟಿದವನೇ ಸರಿಯಿಲ್ಲ ಎಂದು ಅವನನ್ನು ಬೈದುಕೊಂಡಿದ್ದೆ.

ಅತ್ತೆ ಮಗನ ಕಡೆ ತಿರುಗಿ, “ಚಾಚಲೇ ತೋಳಾ” ಎಂದು ತಾವೇ ಗಟ್ಟಿಯಾಗಿ ಹಿಡಿದು ಕೂತರು. ಸಿರಿಂಜು ತುಂಬುವತನಕ ಬಿಡಲಿಲ್ಲ. ನಮ್ಮವರು ಕುಂಯ್ ಎನ್ನಲಿಲ್ಲ. ಮನೆಗೆ ಬರುವಾಗ ದಾರಿಯಲ್ಲಿ ಅತ್ತೆ ನನಗೆ ಹೇಳಿದರು: “ಎಲ್ಲಾರಿಗೂ ನೀಡಿ, ಕಡೀಕ ಬುಟ್ಟ್ಯಾಗ ಉಳದಿದ್ದ ಉಣ್ತಿ ನೀ. ನಾ ನೋಡಿಲ್ಲ ಅಂದ್ಕೊಂಡಿ ಏನ? ನೋಡೀನಿ. ನೋಡಿ ಸುಮ್ಮಕಿದ್ದೆ. ನಾನೂ ಹಂಗ ಉಂಡಾಕಿ.”

ಮರುದಿನ ಕೊನೆಯ ಪ್ರಯೋಗ ಮುಗಿಸಿ, ನನ್ನದೇ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟೆ. ಕಣದ ಅಂಚಿಗೆ ತೆಳ್ಳಗೆ ಕೆಂಪು, ನಡುವೆಲ್ಲ ಬಿಳಿ. ಗಂಡನ ಕಣಗಳನ್ನು ಖಾಲಿ ಮಾಡಲು ಉಪ್ಪುನೀರು ಹದ ಮಾಡುತ್ತ ಕೂತವಳ ಕಣಗಳು ಯಾರೂ ಮುಟ್ಟದೆಯೇ ಅರ್ಧ ಖಾಲಿಯಾಗಿದ್ದವು. ಭಯಂಕರ ಸಿಟ್ಟು ಬಂತು. ಆದರೆ ಸುತ್ತ ಬೈಯಲು ಯಾರೂ ಇರಲಿಲ್ಲ, ನಾನೊಬ್ಬಳೇ.

ರಕ್ತ ಕಡಿಮೆಯಾದರೆ ಸಿಡಿಮಿಡಿ ಹೆಚ್ಚಾಗುತ್ತದೆ ಎಂದು ಡಾಕ್ಟರ್ ಬಾಯಿ ಹೇಳಿದ್ದನ್ನು ನಮ್ಮವರು ಮಂತ್ರದಂತೆ ಹಿಡಿದುಕೊಂಡರು. “ಅಂದ್ರ ಇಷ್ಟ ದಿನ ಬೈದಿದ್ದು ನೀ ಅಲ್ಲ, ಬ್ಯಾನಿ!” ಎಂದು ಖುಷಿಯಾದರು. ಅಂದಿನಿಂದ ಎರಡು ಹೊತ್ತೂ ಕಬ್ಬಿಣದ ಗುಳಿಗೆ, ನೀರು ಹಿಡಿದುಕೊಂಡು ತಾವೇ ಮುಂದೆ ನಿಲ್ಲುತ್ತಿದ್ದರು, ನುಂಗುವತನಕ ಕದಲುತ್ತಿರಲಿಲ್ಲ. ಮೂರು ತಿಂಗಳು ಕಳೆದ ಮೇಲೆ ಮೊನ್ನೆ ಮತ್ತೆ ನೋಡಿಸಿದೆವು. ಹನ್ನೆರಡಕ್ಕೆ ಏರಿದೆ. ಗುಣ ಕಂಡಿದೆ, ನಿಜ: ಈಗ ಅವರನ್ನು ಬೈಯುವಾಗ ನಡುವೆ ಉಸಿರು ಕಟ್ಟುವುದಿಲ್ಲ.