1596ರ ಮಳೆರಾಯರಿಗೆ, ನನ್ನ ಮಗಳನ್ನು ಮನೆಗೆ ಬಿಟ್ಟುಕೊಡುವ ಬಗ್ಗೆ

ನಾನೂರು ವರ್ಷಗಳ ಹಿಂದೆಯೇ ಸುರಿದು ಮುಗಿಸಿ ಈಗ ವಿಶ್ರಾಂತಿಯಲ್ಲಿರಬೇಕಾಗಿದ್ದ, ಇಂಗ್ಲೆಂಡ್ ದೇಶದ 1596ನೇ ಇಸವಿಯ ಮಾನ್ಯ ಮಳೆರಾಯರೇ,

ಆಸ್ಟ್ರೇಲಿಯಾದ ಪರ್ತ್ ನಗರದ ಪಿಯಾರಾ ವಾಟರ್ಸ್ ಬಡಾವಣೆಯಿಂದ ಸುಲೋಚನಾ ಮಾಡುವ ಅನಂತ ನಮಸ್ಕಾರಗಳು. ಇಲ್ಲಿ ನಾವು ಕ್ಷೇಮ. ತಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರಿ ಎಂದು ವಾಡಿಕೆಯಂತೆ ಕೋರುವ ಅಗತ್ಯವಿಲ್ಲ, ಏಕೆಂದರೆ ತಮ್ಮ ಸಮಾಚಾರ ಪ್ರತಿ ಭಾನುವಾರ ಫೋನಿನಲ್ಲಿ ನಮ್ಮ ಮನೆಗೆ ತಪ್ಪದೆ ತಲುಪುತ್ತಿದೆ.

ತಲುಪಿಸುವವಳು ನನ್ನ ಒಬ್ಬಳೇ ಮಗಳು ಶರಣ್ಯಾ. ಅವಳು ಬ್ರಿಸ್ಬೇನ್‌ನ ಸೇಂಟ್ ಲೂಸಿಯಾದ ವಿಶ್ವವಿದ್ಯಾಲಯದಲ್ಲಿ ಕೂತು ತಮ್ಮ ದೇಶವಾಳಿದ ಟ್ಯೂಡರ್ ರಾಜರ ಕಾಲದ ಹಳ್ಳಿಗಳ ಮಳೆ ಬೆಳೆಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ತಮಗಾಗಿ ಇಷ್ಟು ಒದ್ದಾಡುವ ಇನ್ನೊಂದು ಜೀವ ಈ ಭೂಮಿಯ ಮೇಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಮನೆಗೆ ಯಾವಾಗ ಬರುತ್ತೀಯೆ ಎಂದು ಕೇಳಿದಾಗಲೆಲ್ಲ, "ಈ ಕೊಯ್ಲು ಒಂದು ಮುಗೀಲಿ ಅಮ್ಮಾ, ಬಂದ್ಬಿಡ್ತೀನಿ" ಎನ್ನುತ್ತಾಳೆ. ಕೊಯ್ಲು ಎಂದರೆ ಅವಳ ಪ್ರಬಂಧದಲ್ಲಿ ತಮ್ಮ ವರ್ಷದ ಅಧ್ಯಾಯ. ತಾವೋ ನಿಲ್ಲುವವರಲ್ಲ, ಕೊಯ್ಲೋ ಮುಗಿಯುವುದಲ್ಲ. ಕಳೆದ ಎರಡು ದೀಪಾವಳಿಗೂ ಅವಳು ಬರಲಿಲ್ಲ, ಅವಳಿಗೆಂದು ಕರಿದ ಕೋಡುಬಳೆಯನ್ನು ಗಂಡ ಹೆಂಡತಿ ಇಬ್ಬರೇ ತಿಂದೆವು, ನನಗಂತೂ ರುಚಿ ಹತ್ತಲಿಲ್ಲ.

ಹೋದ ತಿಂಗಳು ತಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋದಿರಿ. ಫೋನ್ ಮಾಡಿದವಳು ಹಲೋ ಕೂಡ ಅನ್ನದೆ, "ಮಳೆ ನಿಲ್ತಾನೇ ಇಲ್ಲ ಅಮ್ಮಾ, ರೋಡೆಲ್ಲಾ ಕೆಸರು, ಗಾಡಿಗಳು ಹೂತ್ಕೊಂಡ್ಬಿಟ್ಟಿವೆ, ಬ್ರೆಡ್ ರೇಟ್ ಕೇಳಿದ್ರೆ ತಲೆ ತಿರುಗುತ್ತೆ, ಜನ ಬಟಾಣಿ ಹಿಟ್ಟು ಕಲಸ್ಕೊಂಡು ತಿಂತಿದ್ದಾರೆ" ಎಂದಳು. ಬ್ರಿಸ್ಬೇನ್ ನದಿ ಉಕ್ಕುವುದು ಹೊಸತಲ್ಲವಾದ್ದರಿಂದ ಊರೇ ಮುಳುಗಿತೆಂದುಕೊಂಡು ಅಲ್ಲಿನ ಹವಾಮಾನ ನೋಡಿದೆ. ಮೊಬೈಲು ಸುಡುಬಿಸಿಲು ತೋರಿಸುತ್ತಿತ್ತು, ಆದರೆ ಪರ್ತ್‌ಗೆ ಮಳೆ ಬರುತ್ತದೆಂದು ಎಷ್ಟೋ ಸಲ ಸುಳ್ಳು ಹೇಳಿದ ಮೊಬೈಲನ್ನು ನಂಬುವವರು ಯಾರು? ಅಡಿಲೇಡ್‌ನಲ್ಲಿ ಡಾಕ್ಟರಾಗಿರುವ ನನ್ನ ತಂಗಿ ಗೌರಿ ನಾನು ಹೇಳಿದ ಕೂಡಲೇ ವಾಂತಿ ಭೇದಿಯ ಮಾತ್ರೆಗಳನ್ನು ಕೊರಿಯರ್ ಮಾಡಿದಳು. ನನ್ನ ಯಜಮಾನರು ನಾಗೇಂದ್ರ, ಭೂವಿಜ್ಞಾನಿ, ಗಣಿಯ ಪಾಳಿ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದರು. ಅವರಿಗೆ ಒಂದು ಲೋಟ ಕಾಫಿ ಕೊಟ್ಟು, ಗಂಬೂಟು, ರೇನ್‌ಕೋಟು, ರಾಗಿಹಿಟ್ಟು, ಹುಳಿಪುಡಿಗಳ ಸಮೇತ ಮುಂದಿನ ವಿಮಾನಕ್ಕೆ ಹತ್ತಿಸಿದೆ.

ಸೇಂಟ್ ಲೂಸಿಯಾದಲ್ಲಿ ಹುಡುಗ ಹುಡುಗಿಯರು ಚಡ್ಡಿ ಹಾಕಿಕೊಂಡು ಹುಲ್ಲಿನ ಮೇಲೆ ಬಿಸಿಲು ಕಾಯಿಸುತ್ತಿರುವಾಗ, ನದಿ ದಾಟಿಸುವ ಫೆರ್ರಿ ದೋಣಿಯಿಂದ ಗಂಬೂಟು ತೊಟ್ಟ ಈ ಮಹಾನುಭಾವರು ಇಳಿದರು. "ಅಪ್ಪಾ, ಅದು ಇಲ್ಲಿನ ಮಳೆ ಅಲ್ಲ, ಫಿಫ್ಟೀನ್ ನೈಂಟಿ ಸಿಕ್ಸ್‌ದು!" ಎಂದು ಮಗಳು ನಕ್ಕಳಂತೆ, ಆಮೇಲೆ ರಾಗಿಹಿಟ್ಟಿನ ಚೀಲ ಅಪ್ಪಿಕೊಂಡು ಅತ್ತಳಂತೆ. ನೋಡಿ ಮಳೆರಾಯರೇ, ನನ್ನ ಮಗಳ ವ್ಯಾಕರಣದಲ್ಲಿ ಭೂತಕಾಲವೇ ಇಲ್ಲದಂತೆ ಮಾಡಿದ ಕೀರ್ತಿ ತಮ್ಮದು.

ಅಷ್ಟಕ್ಕೇ ಬಿಟ್ಟಿರಾ? ಅಲ್ಲಿ ಅಧ್ಯಾಯ ಓದಿ ಬಂದ ಯಜಮಾನರು ಈಗ ಊಟದ ತಟ್ಟೆಯ ಮುಂದೆ, "ಪಾಪ, ಈ ಸಲಾನೂ ಗೋಧಿ ತೆನೇಲೇ ಮೊಳೆತು ಹೋಯ್ತಂತೆ ಕಣೆ" ಎಂದು ನಿಟ್ಟುಸಿರು ಬಿಡುತ್ತಾರೆ. ಮಗಳು ಹೋದಳು, ಗಂಡನೂ ಹೋದರು, ಮನೆಯಲ್ಲಿ ಈ ಶತಮಾನದವಳು ನಾನೊಬ್ಬಳೇ.

ಹಸಿದ ಆ ಜನರ ಮೇಲೆ ನನಗೂ ಮರುಕವಿದೆ. ಅವರ ಕಷ್ಟವನ್ನು ಬರೆಯುವವಳು ನನ್ನ ಮಗಳೆಂಬುದು ಹೆಮ್ಮೆಯೇ. ಆದರೆ ಅವರ ಜೊತೆ ಅವಳೂ ನೆನೆಯುತ್ತಾ ಕೂತರೆ ತಲೆ ಒರೆಸುವವರು ಯಾರು? ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಇವತ್ತು ಸಂಜೆಯೊಳಗೆ ನಿಂತು, ಆ ರೈತರ ಪೈರು ಒಣಗಲು ಬಿಟ್ಟು, ಉಳಿದ ನೀರನ್ನು ನಮ್ಮ ಹಿತ್ತಿಲಿಗೆ ರವಾನಿಸಬೇಕು. ಇಲ್ಲಿ ಸ್ಪ್ರಿಂಕ್ಲರ್ ಬಿಡಲು ವಾರಕ್ಕೆ ಎರಡೇ ದಿನ ಅನುಮತಿ, ನನ್ನ ಅವರೆ ಬಳ್ಳಿ ಸೊರಗಿ ಸುಣ್ಣವಾಗಿದೆ. ವೆಲ್ಷ್‌ಪೂಲ್‌ನ ಗೋದಾಮಿನಲ್ಲಿ ಸರಕು ಇಳಿಸಿಕೊಳ್ಳುವುದೇ ನನ್ನ ಕೆಲಸವಾದ್ದರಿಂದ, ಪೆಟ್ಟಿಗೆಗಳ ಮೇಲೆ 'ಈ ಬದಿ ಮೇಲಿರಲಿ' ಎಂದು ಬರೆದು ಕಳಿಸಿದರೆ ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಸುಲೋಚನಾ

ಕಡೆಯ ಮಾತು: ಪತ್ರ ಮಡಚುವಷ್ಟರಲ್ಲಿ ಶರಣ್ಯಾಳ ಫೋನ್ ಬಂತು. "ಮಳೆ ನಿಂತೋಯ್ತು ಅಮ್ಮಾ, ಕೊಯ್ಲು ಮುಗೀತು, ಶನಿವಾರ ಬರ್ತಿದ್ದೀನಿ" ಎಂದಳು. ಯಾವ ಇಸವಿಯ ಶನಿವಾರ ಎಂದು ಕೇಳಿದೆ. "ಈ ಶನಿವಾರ ಕಣಮ್ಮಾ!" ಎಂದಳು. ಆದರೂ ದೂರನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ. ಅವಳು ಬಾಗಿಲಲ್ಲಿ ಚಪ್ಪಲಿ ಬಿಡುವ ತನಕ ಕೈಯಲ್ಲೇ ಹಿಡಿದುಕೊಂಡಿರುತ್ತೇನೆ. ಮುಂದಿನ ಅಧ್ಯಾಯ 1540ರ ಬಿಸಿಲಿನ ಮೇಲಂತೆ, ಆ ಹಿರಿಯರ ವಿಳಾಸವಿದ್ದರೆ ದಯವಿಟ್ಟು ಕಳಿಸಿಕೊಡಿ.