ದಾಸವಾಳಕ್ಕೆ ಏನು?

ನಮ್ಮ ಸೋದರಮಾವನಿಗೆ ಗಿಡಗಳ ಬಗ್ಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ, ಹೆಸರು, ರೋಗ, ಔಷಧಿ ಈ ಮೂರನ್ನು ಬಿಟ್ಟರೆ! ಅರಕಲಗೂಡಿನ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದು ರಿಟೈರಾದ ಮೇಲೆ ಹಾಸನದ ಮನೆಯ ಮುಂದೆ ಸಾಲುಸಾಲು ಕುಂಡ ಇಟ್ಟಿದ್ದಾರೆ. ಯಾವ ಹುಳ ಕಳ್ಳ, ಯಾವ ಹುಳ ಸಂಭಾವಿತ ಅನ್ನುವುದು ಅವರಿಗೆ ಇವತ್ತಿಗೂ ತಿಳಿದಿಲ್ಲ. ಅವರ ಜೊತೆ ಅರ್ಧ ಗಂಟೆ ಕೂತರೆ ನನಗೂ ತಿಳಿಯುವುದಿಲ್ಲ.

ಹೋದ ವರ್ಷ ಕ್ರೋಟನ್ ಗಿಡದ ಗೆಣ್ಣುಗಳಲ್ಲಿ ಬೆಳ್ಳಗೆ ಪುಡಿ ಕಂಡಿತು. ಮಾವ ಕೈಮುಗಿದರು. "ವಿಭೂತಿ ಕಣ್ಲಾ! ತಾನಾಗೇ ಉದ್ಭವ ಆಗೈತೆ!" ಎಂದು ಬೆರಳಲ್ಲಿ ತೆಗೆದು ಹಣೆಗೆ ಬಳಿದುಕೊಂಡೇಬಿಟ್ಟರು. ಮೂರು ದಿನ ಗಿಡಕ್ಕೆ ಮಂಗಳಾರತಿಯೂ ಆಯಿತು. ನಾಲ್ಕನೇ ದಿನ ವಿಭೂತಿ ಎದ್ದು ನಡೆಯತೊಡಗಿತು! "ಅದು ಹಿಟ್ಟು ತಿಗಣೆ ಮಾವ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೀಬೇಕು" ಎಂದೆ. "ತಿಗಣೆ" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹೌಹಾರಿ ಮನೆಯ ಹಾಸಿಗೆಗಳನ್ನೆಲ್ಲ ಬಿಸಿಲಿಗೆ ಎಳೆದು ಹಾಕಿದರು. ಗಿಡದ ಕಡೆ ಮಾತ್ರ ಯಾರೂ ತಿರುಗಿ ನೋಡಲಿಲ್ಲ.

ಇದೆಲ್ಲ ತಮಾಷೆ. ಬಿಳಿ ದಾಸವಾಳದ ವಿಷಯ ತಮಾಷೆಯಲ್ಲ. ಮಾವನ ತಾಯಿ, ಅಂದರೆ ನಮ್ಮಜ್ಜಿ, ಎರಡು ವರ್ಷದಿಂದ ಒಬ್ಬೊಬ್ಬರನ್ನೇ ಮರೆಯುತ್ತ ಬಂದು ಕೊನೆಗೆ ಹೆತ್ತ ಮಗನನ್ನೂ ಮರೆತಿದ್ದಾರೆ. ಮಾವ ಎದುರು ಬಂದರೆ ಸೆರಗು ಸರಿಮಾಡಿಕೊಂಡು, "ಮೇಷ್ಟ್ರೇ, ನಮ್ಮುಡ್ಗ ಇಸ್ಕೂಲ್ಗೆ ಬಂದಿದ್ನಾ?" ಎಂದು ಕೇಳುತ್ತಾರೆ. "ಬಂದಿದ್ದ ಕಣವ್ವ, ಸುಮಾರಾಗಿ ಓದ್ತಾನೆ" ಎಂದು ಮಾವ ತಮ್ಮ ಬಗ್ಗೆ ತಾವೇ ವರದಿ ಒಪ್ಪಿಸುತ್ತಾರೆ. ನಗಬೇಕೋ ಅಳಬೇಕೋ, ನೀವೇ ಹೇಳಿ! ಅಜ್ಜಿ ಮರೆಯದೇ ಉಳಿದದ್ದು ಒಂದೇ: ಬೆಳಿಗ್ಗೆ ಆ ಗಿಡದ ಒಂದು ಹೂವನ್ನು ಶಿವನ ಪಟಕ್ಕೆ ಏರಿಸುವುದು. ಹೂವಿಲ್ಲದಿದ್ದರೆ ಅವರು ಅನ್ನ ಮುಟ್ಟುವುದಿಲ್ಲ.

ಅಂಥ ಗಿಡಕ್ಕೆ ಕಾಯಿಲೆ ಬಂತು. ಚನ್ನರಾಯಪಟ್ಟಣದಲ್ಲಿದ್ದ ನನಗೆ ಮಾವನ ಫೋನು.

"ಲೇ ಅಳಿಯ, ದಾಸವಾಳಕ್ಕೆ ಏನು ಬಂದ್ಬುಟ್ಟೈತೆ ಕಣ್ಲಾ!"

"ಏನು ಬಂದಿದೆ ಮಾವ?"

"ಊಂ ಕಣ್ಲಾ, ಏನೇ ಬಂದಿರೋದು."

"ಅದೇ ಕೇಳ್ತಿರೋದು, ಏನು ಅಂತ!"

"ಅದನ್ನೇ ಯೋಳ್ತಿರೋದು, ಏನು ಅಂತ! ಕಿವುಡೇನ್ಲಾ ನಿಂಗೆ?"

ಹಳೇಕೋಟೆ ಕಡೆಯ ನಮ್ಮ ಮಾವನ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ ಎಂಬುದು ಹೊಳೆಯಲು ನನಗೆ ಎರಡು ನಿಮಿಷ ಹಿಡಿಯಿತು. ಹೇನು! ಮೊಗ್ಗಿನ ಬುಡಕ್ಕೆ ಮುತ್ತಿಕೊಂಡು ರಸ ಹೀರುವ ಹಸಿರು ಹೇನು! ಎಲೆಯ ಅಡಿಗೂ ತಾಗುವ ಹಾಗೆ ಸೋಪು ನೀರು ಹೊಡೆಯಿರಿ, ವಾರಕ್ಕೊಮ್ಮೆ ಬೇವಿನೆಣ್ಣೆ ಬೆರೆಸಿ ಸಿಂಪಡಿಸಿ ಎಂದೆ.

ಕೇಳುತ್ತಾರೆಯೇ? ನೇರ ಕ್ರಿಮಿನಾಶಕದ ಅಂಗಡಿಗೆ ಹೋದರು. "ಎಷ್ಟೆಕ್ರೆ ಸಾ?" ಎಂದು ಅಂಗಡಿಯವನು ಕೇಳಿದ. "ಒಂದು ಕುಂಡ" ಎಂದರು. ಅವನು ನಕ್ಕ, ಇವರಿಗೆ ಸಿಟ್ಟು ಬಂತು. ಅಲ್ಲಿಂದ ಮೆಡಿಕಲ್ ಶಾಪು! "ಏನಿಗೆ ಔಷಧಿ ಕೊಡಮ್ಮ" ಎಂದರು. "ಏನಕ್ಕೆ ಸಾ?" ಎಂದಳು ಅಲ್ಲಿದ್ದ ಹುಡುಗಿ. "ಏನಿಗೇ ಕಣಮ್ಮ, ತಲೆ ಏನು, ಆ ತರದ್ದು!" ಹುಡುಗಿ ಮಾವನ ತಲೆ ನೋಡಿದಳು. ಅಲ್ಲಿ ಒಂದು ಕೂದಲೂ ಇಲ್ಲ, ಬೋಳೋ ಬೋಳು! "ನಂಗಲ್ಲ, ದಾಸವಾಳಕ್ಕೆ" ಎಂದರು ಮಾವ. ಮೊಮ್ಮಗಳ ಹೆಸರಿರಬೇಕೆಂದುಕೊಂಡ ಆ ಹುಡುಗಿ, "ಪಾಪು ಕಣ್ಣಿಗೆ ಬೀಳದಂಗೆ ಅಚ್ಚಿ ಸಾ" ಎಂದು ಶಾಂಪೂ ಕೊಟ್ಟು ಕಳಿಸಿದಳು. ಮಾವ ಗಿಡಕ್ಕೆ ನೊರೆನೊರೆಯಾಗಿ ಶಾಂಪೂ ತಿಕ್ಕಿದರು. ಮಾರನೇ ದಿನ ಹೇನು ಸುಖವಾಗಿದ್ದವು, ಮೊಗ್ಗೆಲ್ಲ ಉದುರಿದ್ದವು.

ಅಜ್ಜಿ ಊಟ ಬಿಟ್ಟರು. ಪಕ್ಕದ ಮನೆಯ ದಾಸವಾಳ ತಂದುಕೊಟ್ಟರೆ, "ಯಾರ್ದಪ್ಪಾ ಇದು? ನಮ್ಮನೇದಲ್ಲ" ಎಂದು ಹಿಂದಕ್ಕೆ ಕೊಟ್ಟರು. ಎರಡು ದಿನ ಬರೀ ಕಾಫಿ. ನಾನು ಮೊದಲ ಬಸ್ಸು ಹಿಡಿದು ಹಾಸನಕ್ಕೆ ಓಡಿದೆ.

ಹೋಗಿ ನೋಡಿದರೆ ಮಾವ ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೆಂಪು ಮೈಮೇಲೆ ಕಪ್ಪು ಚುಕ್ಕೆಯ ಹುಳಗಳನ್ನು ಆರಿಸಿ ಬೀದಿಗೆ ಎಸೆಯುತ್ತಿದ್ದರು. "ಇವೇ ಕಣ್ಲಾ ಲೀಡರ್‌ಗಳು!"

"ಅಯ್ಯೋ ಮಾವ, ಅದು ಗುಲಗಂಜಿ ಹುಳ, ಹೇನು ತಿನ್ನೋಕೆ ಬಂದಿರೋದು!"

"ಅಂಗಾದ್ರೆ ಕಾಂಡದ ಮ್ಯಾಗಿರೋ ಈ ಇರುವೆ?"

"ಅವು ಹೇನು ಬಿಡೋ ಸಿಹಿರಸದ ಆಸೆಗೆ ಹೇನು ಕಾಯೋಕೆ ಬಂದಿರೋವು!"

ಮಾವ ಇರುವೆಯನ್ನೂ ನೋಡಿದರು, ನನ್ನನ್ನೂ ನೋಡಿದರು, ಕೊನೆಗೆ ತಲೆ ಮೇಲೆ ಕೈಹೊತ್ತು ಕೂಗಿದರು: "ಏನು ತುಂಬ್ಕಂಡವೆ ಕಣ್ಲಾ! ರಾಶಿ ರಾಶಿ ಏನು! ನನ್ ಕೈಲಾಗಲ್ಲ!"

ಜಗುಲಿಯ ಮೇಲೆ ಕೂತಿದ್ದ ಅಜ್ಜಿ ತಿರುಗಿದರು.

"ಏನಾ? ಎಲ್ಲಿಂದ ಅತ್ತುಸ್ಕಂಡ್ ಬಂದ್ಯೋ ಬಡ್ಡೈದ್ನೇ! ಬಾರ್ಲಾ ಇಲ್ಲಿ, ತಲೆ ಕೊಡು."

ಮಾವ ಕದಲಲಿಲ್ಲ.

"ನಿಂಗೇ ಕಣ್ಲಾ ಪುಟ್ಟ, ಬಾ!"

ಅರವತ್ತೈದು ವರ್ಷದ ನಮ್ಮ ಮಾವ ಎದ್ದು ಹೋಗಿ ಅಜ್ಜಿಯ ಕಾಲ ಬಳಿ ನೆಲದ ಮೇಲೆ ಕೂತರು. ಅಜ್ಜಿ ಆ ಬೋಳು ತಲೆಯನ್ನು ಮಡಿಲಿಗೆಳೆದುಕೊಂಡು ಎರಡೂ ಕೈಯ ಬೆರಳಾಡಿಸಿ ಹುಡುಕತೊಡಗಿದರು. ಸಿಕ್ಕಿದ್ದನ್ನು ಹೆಬ್ಬೆರಳ ಉಗುರುಗಳ ನಡುವೆ ಇಟ್ಟು, ಸ್ಸ್ ಎಂದು ಕುಕ್ಕಿದರು. ಏನು ಸಿಕ್ಕಿತೋ ಆ ಶಿವನಿಗೇ ಗೊತ್ತು! ಮಾವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ಅಲ್ಲಾಡ್ಬ್ಯಾಡ" ಎಂದು ಅಜ್ಜಿ ಗದರಿಸಿದರು.

"ಆಯ್ತು, ಏಳು. ಉಂಡ್ಯಾ?"

"ಇಲ್ಲ ಕಣವ್ವ. ನೀನೂ ಉಂಡಿಲ್ವಲ್ಲ."

ನಾನು ಓಡಿಹೋಗಿ ಗಂಜಿ ತಂದೆ. ಅಜ್ಜಿ ಹೂವಿನ ಮಾತೇ ಎತ್ತದೆ ಬಟ್ಟಲು ಖಾಲಿ ಮಾಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡು ಕೆಳಗೆ ನೋಡಿದವರು ಗಾಬರಿಯಾದರು.

"ಅಯ್ಯೋ ಮೇಷ್ಟ್ರೇ, ನೆಲದ್ ಮ್ಯಾಗೆ ಯಾಕ್ ಕುಂತಿದ್ದೀರಿ?"

ಮಾವ ಏಳಲಿಲ್ಲ. ತಲೆಯನ್ನು ಇನ್ನಷ್ಟು ಬಗ್ಗಿಸಿದರು.

"ಇನ್ನೂ ಅವೆ ಕಣವ್ವ" ಎಂದರು. "ಇನ್ನೊಂದ್ಸಲ ನೋಡು."