ಪೂರ್ವಕ್ಕೆ ಬಾಗಿಲು, ದಕ್ಷಿಣಕ್ಕೆ ಇಂಜಿನ್ನು

ನಮ್ಮ ಚಿಕ್ಕಪ್ಪನಿಗೆ ಮನೆ ಕಟ್ಟುವುದು ಗೊತ್ತಿರಲಿಲ್ಲ, ವ್ಯಾನು ಓಡಿಸುವುದೂ ಗೊತ್ತಿರಲಿಲ್ಲ. ಎರಡೂ ಗೊತ್ತಿಲ್ಲದ ಮನುಷ್ಯ ಎರಡನ್ನೂ ಒಟ್ಟಿಗೇ ಮಾಡಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ನಾನು ಪ್ರತ್ಯಕ್ಷ ಸಾಕ್ಷಿ! ಅರವತ್ತರ ದಶಕದ ಆರಂಭದ ಮಾತು. ನಾನಾಗ ಪತ್ರಿಕೆಯೊಂದರಲ್ಲಿ ಉಪಸಂಪಾದಕ. ಯಾರು, ಏನು, ಎಲ್ಲಿ, ಯಾವಾಗ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವ ತನಕ ಒಂದು ಸಾಲನ್ನೂ ಅಚ್ಚಿಗೆ ಬಿಡಬಾರದೆಂದು ಬೈಸಿಕೊಂಡು ಕಲಿತವನು. ಈ ಪ್ರಸಂಗದಲ್ಲಿ ನನಗೆ ಎರಡನೆಯ ಪ್ರಶ್ನೆಯ ಹತ್ತಿರವೇ ಗಾಡಿ ನಿಂತುಹೋಯಿತು. ಅದು ಏನು? ಮನೆಯೋ, ವಾಹನವೋ?

ಚಿಕ್ಕಪ್ಪ ಸರ್ವೆಯರು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಹೊಲಗಳ ಮೇಲೆ ಸರಪಳಿ ಎಳೆದು, ಊರವರಿಗೆಲ್ಲ ಅವರವರ ಎಲ್ಲೆ ತೋರಿಸಿಕೊಟ್ಟವರು. ಸ್ವಂತಕ್ಕೆ ಮಾತ್ರ ಅಂಗೈಯಗಲ ಜಾಗವಿರಲಿಲ್ಲ. ವರ್ಗವಾದಲ್ಲೆಲ್ಲ ಬಾಡಿಗೆ ಮನೆ. ಪಾವಗಡದಿಂದ ಹೊರಟ ದಿನ ಸಾಮಾನು ಇನ್ನೂ ಗಾಡಿಗೆ ಏರುತ್ತಿರುವಾಗಲೇ ಮನೆಯೊಡತಿ ಬಂದು, ಚಿಕ್ಕಮ್ಮ ಬೆಳಿಗ್ಗೆ ಇಟ್ಟಿದ್ದ ಹೊಸ್ತಿಲ ರಂಗೋಲಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟಳಂತೆ. ಚಿಕ್ಕಮ್ಮ ಗಾಡಿಯಲ್ಲಿ ಕೂತು ಒಂದೇ ಮಾತು ಹೇಳಿದರಂತೆ: "ನಂಗೆ ಬಂಗ್ಲೆ ಬ್ಯಾಡ. ಇನ್ನೊಬ್ರು ಬಂದು ಒರೆಸ್ದೇ ಇರೋವಂಥ ಒಂದು ಹೊಸ್ತಿಲು ಮಾಡ್ಕೊಡಿ, ಸಾಕು."

ಚಿಕ್ಕಪ್ಪ ಈ ಮಾತನ್ನು ಸರ್ಕಾರಿ ಹುಕುಂ ಎಂಬಂತೆ ಅಕ್ಷರಶಃ ಪಾಲಿಸಿದರು. ಎಲ್ಲಿಂದಲೋ ಯುದ್ಧಕಾಲದ ಮಿಲಿಟರಿ ವ್ಯಾನೊಂದನ್ನು ತಂದು ಮಧುಗಿರಿಯ ಬಾಡಿಗೆ ಮನೆಯ ಹಿತ್ತಿಲಲ್ಲಿ ನಿಲ್ಲಿಸಿ, ಅದರ ತಗಡನ್ನೆಲ್ಲ ಕಿತ್ತು, ಮೊಟ್ಟಮೊದಲು ಕೂರಿಸಿದ್ದು ಬಾಗಿಲುವಾಡ! ಮನೆ ಕಟ್ಟುವವರು ಬಾಗಿಲು ಇಡುವ ಶಾಸ್ತ್ರ ಮಾಡುವುದುಂಟು, ಒಪ್ಪೋಣ. ಪುರೋಹಿತರು ಬಂದರು. ಹೊನ್ನೆ ಮರದ ಬಾಗಿಲುವಾಡಕ್ಕೆ, ಅದರಷ್ಟೇ ದಪ್ಪದ ಹೊಸ್ತಿಲಿಗೆ ಪೂಜೆಯಾಯಿತು. ನವಧಾನ್ಯ ಹಾಕಲು ಪಾಯ ಎಲ್ಲಿ ಎಂದು ಅವರು ಕೇಳಿದಾಗ ಚಿಕ್ಕಪ್ಪ ಚಾಸಿಯ ಒಂದು ತೂತು ತೋರಿಸಿದರು. ಧಾನ್ಯ ಕೆಳಗಿನಿಂದ ಸುರಿದುಹೋಯಿತು. ಕೋಳಿಗಳಿಗೆ ಅನುಕೂಲವಾಯಿತು.

ಬಾಗಿಲು ಪೂರ್ವಕ್ಕಿರಬೇಕೆಂದು ಕಾಂಪಾಸು ಇಟ್ಟು ಅಳೆದು ಎಡಮಗ್ಗುಲಿಗೆ ಕೂರಿಸಿದ್ದರು. ವ್ಯಾನು ದಕ್ಷಿಣಕ್ಕೆ ಮುಖ ಮಾಡಿ ನಿಂತಿದ್ದರಿಂದ ಲೆಕ್ಕ ಸರಿಯಾಗಿಯೇ ಇತ್ತು. ಅದು ಅಲ್ಲಿಂದ ಹೊರಟರೆ ಬಾಗಿಲೂ ತಿರುಗುತ್ತದೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಪುರೋಹಿತರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಗೋಡೆ ಏಳುವ ಮೊದಲೇ ಚಿಕ್ಕಪ್ಪನ ತಾಳ್ಮೆ ಮುಗಿಯಿತು. ಗೋಡೆಯ ಜಾಗಕ್ಕೆ ಟಾರ್ಪಾಲು ಕಟ್ಟಿ, ಅರ್ಧ ಚಾವಣಿಯಲ್ಲೇ ಕ್ಯಾಂಪು ಹೋಗಿ ಬರೋಣ ಎಂದರು. ಕಳ್ಳಂಬೆಳ್ಳದ ಕೆರೆಯ ಹತ್ತಿರ ಒಂದು ರಾತ್ರಿ. ಸರ್ಕಾರಿ ನೌಕರರಿಗೆ ಕ್ಯಾಂಪು ಎಂದರೆ ಡ್ಯೂಟಿ. ಹೆಂಡತಿಯನ್ನು ಕರೆದುಕೊಂಡು, ಅಳೆಯುವ ಕೆಲಸವಿಲ್ಲದೆ ಕ್ಯಾಂಪು ಹೊರಟವರು ನಾಲ್ಕು ತಾಲ್ಲೂಕಿಗೆ ಅವರೊಬ್ಬರೇ ಇರಬೇಕು.

ಚಿಕ್ಕಮ್ಮ ಷರತ್ತು ಹಾಕಿದರು: "ಮನೆ ಅನ್ನಿಸಿದ್ರೆ ಗೋಧೂಳಿ ಹೊತ್ಗೆ ಬಲಗಾಲಿಟ್ಟು ಒಳಿಕ್ಕೆ ಬತ್ತೀನಿ. ಲಾರಿ ಅನ್ನಿಸಿದ್ರೆ ಸಂಜೆ ಬಸ್ಸಿಗೆ ಕೊರಟಗೆರೆಗೆ ಹೊಂಟೋಯ್ತೀನಿ." ಕೊರಟಗೆರೆ ಅವರ ತವರು. ಟ್ರಂಕು ಸಿದ್ಧವಾಗಿಯೇ ಇತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಸ್ಟಿಯರಿಂಗ್ ಹಿಡಿದ ಚಿಕ್ಕಪ್ಪನ ಪಕ್ಕದ ಸೀಟಿನಲ್ಲಿ ಕೂತರು. ಹಿಂದೆ ಇಡೋಣವೆಂದು ನಾನು ಕೈಚಾಚಿದರೆ ಕೊಡಲಿಲ್ಲ.

ನನ್ನನ್ನೂ ಬರಹೇಳಿದ್ದರು. ಇಂಥದ್ದಕ್ಕೆ ಪತ್ರಕರ್ತನ ದಾಖಲೆ ಬೇಕು ಎಂದುಕೊಂಡು ಹೊಸ ನೋಟ್‌ಬುಕ್ ತಂದಿದ್ದೆ. ಹತ್ತುವಾಗ ಚಿಕ್ಕಪ್ಪ, "ನೀನು ಬಲಗಡೆನೇ ಕೂತ್ಕಾ, ಅಳ್ಳಾಡ್ಬ್ಯಾಡ" ಎಂದರು. ಹೊನ್ನೆ ಬಾಗಿಲಿನ ಭಾರಕ್ಕೆ ವ್ಯಾನು ಎಡಕ್ಕೆ ವಾಲುತ್ತಿತ್ತು. ಬೇಕಾಗಿದ್ದದ್ದು ನನ್ನ ವೃತ್ತಿಯಲ್ಲ, ನನ್ನ ತೂಕ!

ದೊಡ್ಡೇರಿಯ ಹತ್ತಿರ ಇಂಜಿನ್ನಿಗೆ ನೀರು ಹಾಕಲು ನಿಂತೆವು. ವ್ಯಾನು ನೋಡಿದ ಹೆಂಗಸರು ಸಿಡುಬು ಬಾರದಂತೆ ದೇವಿ ಹಾಕುವವರು ಬಂದರೆಂದು ಮಕ್ಕಳನ್ನು ಎಳೆದುಕೊಂಡು ಒಳಗೆ ಓಡಿದರು. ಮುದುಕಿಯೊಬ್ಬಳು ಮಾತ್ರ ಧೈರ್ಯವಾಗಿ ತೋಳು ಚಾಚಿ ನಿಂತಳು. ಇದು ಆಸ್ಪತ್ರೆಯಲ್ಲಜ್ಜಿ, ಮನೆ ಎಂದು ಚಿಕ್ಕಪ್ಪ ವಿವರಿಸಿದರು. ಅಜ್ಜಿ ಸುತ್ತ ನಡೆದು ನೋಡಿದಳು. ಬಾಗಿಲು ತಟ್ಟಿದಳು, ಪಕ್ಕದ ಟಾರ್ಪಾಲು ಎತ್ತಿ ಇಣುಕಿದಳು.

"ಮನೆ ಅಂತೀಯ. ಗ್ವಾಡೆ ಎಲ್ಲಪ್ಪ?"

"ಬತ್ತದೆ ಕಣಜ್ಜಿ."

"ಬರ್ಲಿ ಬುಡು. ನೀವೇ ಮುಂದೆ ಬಂದ್ಬುಟ್ಟಿದ್ದೀರ."

ಅಲ್ಲಿಯೇ ಚಿಕ್ಕಪ್ಪ ಕಾಂಪಾಸು ತೆಗೆದು ನೋಡಿ ಬೆಚ್ಚಿಬಿದ್ದರು. ನಾವು ಪಶ್ಚಿಮಕ್ಕೆ ಹೋಗುತ್ತಿದ್ದೆವು; ಬಾಗಿಲು ಯಮನ ದಿಕ್ಕಿಗೆ ತೆರೆದುಕೊಂಡಿತ್ತು! ಚಿಕ್ಕಮ್ಮ ಟ್ರಂಕನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಸಿರಾ ದಾಟಿದ ಮೇಲೆ ರಸ್ತೆ ದಕ್ಷಿಣಕ್ಕೆ ತಿರುಗುತ್ತದೆ, ಆಗ ಪೂರ್ವ ತಾನಾಗಿ ಬರುತ್ತದೆ ಎಂದು ಚಿಕ್ಕಪ್ಪ ಸಮಾಧಾನ ಹೇಳಿದರು. ಮನೆಯ ದಿಕ್ಕು ಸರಿಹೋಗಲು ಹದಿನೈದಿಪ್ಪತ್ತು ಮೈಲಿ ಕಾಯಬೇಕಾದ ಗೃಹಿಣಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಿರಾದಲ್ಲಿ ಚಹಾ ಕುಡಿಯಲು ಇಳಿದಾಗ ಚಿಕ್ಕಪ್ಪ ಬಾಗಿಲಿಗೆ ದೊಡ್ಡ ಬೀಗ ಜಡಿದು, ಮೂರು ಸಲ ಜಗ್ಗಿ ನೋಡಿ ಹೋದರು. ನಾನು ಒಳಗೇ ಇದ್ದೆ! ಟಾರ್ಪಾಲು ಸರಿಸಿಕೊಂಡು ಇಳಿದು ಅವರ ಹಿಂದೆಯೇ ಹೋಗಿ ಕೂತೆ. ನನ್ನನ್ನು ನೋಡಿ ಅವರು ಬೀಗದ ಕೈ ಮುಟ್ಟಿಕೊಂಡರು. ಚಾವಣಿಯ ಉಳಿದರ್ಧಕ್ಕೆ ತಗಡು ಕೊಡಬೇಕಿದ್ದ ಸಾಹೇಬರು, ಅಲ್ಲಿನ ಹಳೆಯ ತಗಡು ಕೆಲಸದವರು, ಬಂದು ಇದನ್ನೆಲ್ಲ ನೋಡಿದರು. "ಸಾಬ್, ಎಲ್ರೂ ಮನೆ ಕಟ್ಟಿ ದರ್ವಾಜಾ ಇಡ್ತಾರೆ. ನೀವು ದರ್ವಾಜಾ ಇಟ್ಟು ಮನೆ ಹುಡುಕ್ತಾ ಇದ್ದೀರಿ" ಎಂದರು. ತಗಡು ಇನ್ನೂ ಆಗಿರಲಿಲ್ಲ. ಮೇಲೊಂದು ಟಾರ್ಪಾಲು ಕಟ್ಟಿಕೊಟ್ಟು, ಚಿಕ್ಕಮ್ಮನಿಗೆ ಆದಾಬ್ ಹೇಳಿ ಕಳಿಸಿದರು.

ಕಳ್ಳಂಬೆಳ್ಳ ಮುಟ್ಟಿದಾಗ ಬಿಸಿಲು ಇಳಿದಿತ್ತು. ರಸ್ತೆ ಬದಿಯ ಬಯಲಿನಲ್ಲಿ, ಕೆರೆ ಕಾಣುವಂತೆ ವ್ಯಾನು ನಿಂತಿತು. ಕಾಂಪಾಸಿನ ಮುಳ್ಳು ಒಪ್ಪುವ ತನಕ ಚಿಕ್ಕಪ್ಪ ಏಳು ಸಲ ಹಿಂದೆ ಮುಂದೆ ಮಾಡಿದರು. ಕೊನೆಗೂ ಬಾಗಿಲು ಪೂರ್ವಕ್ಕೆ ಬಂತು. ಬೀಗ ತೆಗೆದು, ರೆಕ್ಕೆ ತೆರೆದು, "ಬಾರೇ" ಎಂದರು.

ಚಿಕ್ಕಮ್ಮ ಬಂದು ನಿಂತರು. ಹೊಸ್ತಿಲು ಅವರ ಸೊಂಟದ ಮಟ್ಟಕ್ಕಿತ್ತು.

ನಾನೇನೋ ಚಕ್ರದ ಮೇಲೆ ಕಾಲಿಟ್ಟು ಹತ್ತುತ್ತಿದ್ದೆ. ಸೀರೆಯುಟ್ಟ, ಗಿಡ್ಡ ಆಳಿನ ಹೆಂಗಸು ಬಲಗಾಲು ಮೊದಲಿಟ್ಟು ಹತ್ತುವುದು ಹೇಗೆ? ಉದ್ದ ಅಳೆದಿದ್ದರು, ಅಗಲ ಅಳೆದಿದ್ದರು, ದಿಕ್ಕು ಡಿಗ್ರಿ ಸಮೇತ ಅಳೆದಿದ್ದರು. ಇಡೀ ಜೀವಮಾನ ಹೊಲ ಅಳೆದವರು, ಹೊಲಕ್ಕೆ ಎತ್ತರವಿಲ್ಲ! ಮೆಟ್ಟಿಲು ಅವರ ನಕ್ಷೆಯಲ್ಲೇ ಇರಲಿಲ್ಲ.

ಪಕ್ಕದ ಹೊಲದ ಮೂಲೆಯಲ್ಲಿ ಹದವಾದ ಕಲ್ಲೊಂದಿತ್ತು. ಅಲ್ಲಾಡಿಸಲು ಹೋದೆ. ಚಿಕ್ಕಪ್ಪ ಓಡಿಬಂದು ಕೈ ಹಿಡಿದರು.

"ಅದು ಬಾಂದು ಕಲ್ಲು ಕಣೋ. ನಾನೇ ನೆಟ್ಟಿದ್ದು. ಇನ್ನೊಬ್ರ ಎಲ್ಲೆ ಕಿತ್ತು ನನ್ ಮನೆಗೆ ಮೆಟ್ಲು ಮಾಡ್ಲಾ?"

ಹಸುಗಳು ಮನೆಗೆ ತಿರುಗಿದವು. ಧೂಳು ಎದ್ದಿತು. ದನದ ಹಿಂದೆ ಬರುತ್ತಿದ್ದ ಹೆಂಗಸೊಬ್ಬಳು ನಿಂತು, "ಯಾವೂರ್ ಕಡೆ ಮನೆ ಕಣಮ್ಮ?" ಎಂದು ಚಿಕ್ಕಮ್ಮನನ್ನು ಕೇಳಿದಳು. ಅಷ್ಟರಲ್ಲಿ ಬಸ್ಸು ಬಂತು. ನಮ್ಮ ಗುಂಪು, ಟ್ರಂಕು ಎಲ್ಲ ನೋಡಿ ತಾನಾಗಿಯೇ ನಿಂತಿತು. ತುಮಕೂರು, ಕೊರಟಗೆರೆ ಕಡೆಯವರು ಬರಬಹುದೆಂದು ಕಂಡಕ್ಟರು ಕೂಗಿದ. ಚಿಕ್ಕಮ್ಮ ಟ್ರಂಕು ಎತ್ತಿಕೊಂಡರು. ಚಿಕ್ಕಪ್ಪ ಕಾಂಪಾಸಿನ ಮುಚ್ಚಳ ಹಾಕಿದರು.

ಚಿಕ್ಕಮ್ಮ ರಸ್ತೆಯ ಕಡೆ ಹೋಗಲಿಲ್ಲ. ಟ್ರಂಕನ್ನು ಬಾಗಿಲ ಕೆಳಗೆ ತಂದಿಟ್ಟು ತೆರೆದರು. ಒಳಗೆ ಹಾಲುಕ್ಕಿಸುವ ಹಿತ್ತಾಳೆ ಪಾತ್ರೆ, ಅರಿಸಿನ ಕುಂಕುಮದ ಭರಣಿ, ರಂಗೋಲಿ ಪುಡಿಯ ಡಬ್ಬಿ, ಅರ್ಧ ಬಾಡಿದ ಮಾವಿನೆಲೆಯ ತೋರಣ. ನಾನು ವೃತ್ತಿಧರ್ಮಕ್ಕೆ ತಕ್ಕಂತೆ ಎರಡು ಸಲ ನೋಡಿ ಖಚಿತಪಡಿಸಿಕೊಂಡೆ. ಕೊರಟಗೆರೆಗೆ ಹೊರಟವರ ಟ್ರಂಕಿನಲ್ಲಿ ಒಂದು ಸೀರೆಯೂ ಇರಲಿಲ್ಲ.

ಎಲ್ಲವನ್ನೂ ಹೊಸ್ತಿಲಾಚೆ ಜೋಡಿಸಿಟ್ಟು, ಟ್ರಂಕು ಮುಚ್ಚಿ, ಅದರ ಮೇಲೆ ಹತ್ತಿ, ಚಿಕ್ಕಮ್ಮ ಬಲಗಾಲನ್ನು ಒಳಗಿಟ್ಟರು. ಬಸ್ಸಿನವರೂ ನೋಡುತ್ತಿದ್ದರು.

"ಎತ್ತರ ಸರಿಹೋಯ್ತೇನೇ?" ಚಿಕ್ಕಪ್ಪ ಕೇಳಿದರು.

"ಮತ್ತೆ ಸರಪಳಿ ತರ್ಬ್ಯಾಡಿ. ಆಯಮ್ಮನ ಹತ್ರ ಒಂದ್ ಲೋಟ ಹಾಲು ಇಸ್ಕೊಂಬನ್ನಿ." ಆಮೇಲೆ ಆ ದನದ ಹೆಂಗಸಿನ ಕಡೆ ತಿರುಗಿ, ಅವಳ ಪ್ರಶ್ನೆಗೆ ಉತ್ತರ ಹೇಳಿದರು: "ಇದೇ ಕಣಮ್ಮ ಮನೆ."

ಮುಂದೆ ಆ ವ್ಯಾನಿಗೆ ಗೋಡೆ ಬಂತು, ಚಾವಣಿ ಬಂತು, ಒಂದು ಕಿಟಕಿ ಕೂಡ ಬಂತು. ಮೆಟ್ಟಿಲು ಮಾತ್ರ ಚಿಕ್ಕಪ್ಪ ಕೊನೆಯ ತನಕ ಮಾಡಿಸಲಿಲ್ಲ. ಕೇಳಿದವರಿಗೆ, ತುಳಿದು ತುಳಿದು ಮುಚ್ಚಳ ತಗ್ಗಾಗಿದ್ದ ಆ ಟ್ರಂಕು ತೋರಿಸಿ, "ಅವಳದಿದೆಯಲ್ಲ" ಎನ್ನುತ್ತಿದ್ದರು.